ಇಪ್ಪತ್ತು ಗಂಟೆ ಮುಂಚಿನ ಸುದ್ದಿ

ಆ ಪಟ್ಟಿಯನ್ನು ನೋಡಿದಾಗಲೆಲ್ಲ ಮಂದಾಕಿನಿಗೆ ಕೈ ತೊಳೆದುಕೊಳ್ಳಬೇಕೆನಿಸುತ್ತಿತ್ತು. ಪ್ರಾಣಸೂಚಿ ಕೇಂದ್ರದ ಕಂಟ್ರೋಲ್ ರೂಮಿನಲ್ಲಿ, ಅವಳ ಮೇಜಿನ ಪರದೆಯ ಮೇಲೆ, ಅದು ದಿನದಿನಕ್ಕೂ ಉದ್ದವಾಗುತ್ತಿತ್ತು. ಶವವಾಹನದವರು, ಶಾಮಿಯಾನದವರು, ಹೂವಿನ ಹಾರದವರು, ಪಶ್ಚಿಮವಾಹಿನಿಗೆ ಅಸ್ಥಿ ಒಯ್ಯುವ ಟ್ಯಾಕ್ಸಿಯವರು, ಸೈಟಿನ ದಲ್ಲಾಳಿಗಳು, ಎರಡನೇ ಸಂಬಂಧ ಕುದುರಿಸುವ ದಲ್ಲಾಳಿಗಳು. ಊರಿನಲ್ಲಿ ಯಾರೇ ಸಾಯಲಿ, ಆ ಸುದ್ದಿ ತಮಗೆ ತಕ್ಷಣ ಮುಟ್ಟಬೇಕೆಂದು ವಿಳಾಸ ಬರೆಸಿದ ಮಹಾನುಭಾವರು ಇವರೆಲ್ಲ. ಅವರಿಗೆ ಬಾಗಿಲು ಮಾಡಿಕೊಟ್ಟವಳು ತಾನೇ.

ಬಿಲ್ಲೆ ಎಂದರೆ ಮೈಸೂರಿನಲ್ಲಿ ಈಗ ಗೊತ್ತಿಲ್ಲದವರಿಲ್ಲ. ಅರವತ್ತು ದಾಟಿದ ಎಲ್ಲರ ಹೊಕ್ಕುಳಿನ ಪಕ್ಕ, ಚರ್ಮದ ಅಡಿಯಲ್ಲಿ, ಹುಣಸೆಬೀಜದಷ್ಟು ದೊಡ್ಡದೊಂದು ಬಿಲ್ಲೆ ಇರುತ್ತದೆ. ಮನುಷ್ಯನ ಕರುಳಿನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ವಾಸ ಮಾಡುತ್ತವಷ್ಟೆ. ಮನೆಯೊಡೆಯ ಇನ್ನು ಉಳಿಯುವುದಿಲ್ಲ ಎಂಬುದು ವೈದ್ಯರಿಗಿಂತ, ಅವನ ಹೃದಯಕ್ಕಿಂತ ಮೊದಲು ಅವಕ್ಕೆ ತಿಳಿಯುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡುಕೊಂಡಾಗ ಮೊದಲು ಯಾರೂ ನಂಬಲಿಲ್ಲ. ಒಡೆಯ ಸತ್ತ ಮೇಲೆ ಅವನನ್ನೇ ತಿಂದು ಬದುಕಬೇಕಾದ ಜೀವಿಗಳು ಅವು. ಹಾಗಾಗಿ ಇಪ್ಪತ್ತು ಗಂಟೆ ಮುಂಚಿತವಾಗಿಯೇ, ಆ ಊಟಕ್ಕೆ ಬೇಕಾದ ಒಂದು ರಸವನ್ನು ತಯಾರಿಸಿಕೊಳ್ಳಲು ತೊಡಗುತ್ತವೆ. ಬಿಲ್ಲೆ ಆ ರಸದ ವಾಸನೆ ಹಿಡಿದು ಕೇಂದ್ರಕ್ಕೆ ತಿಳಿಸುತ್ತದೆ. ಆರು ವರ್ಷಗಳಲ್ಲಿ ಅದು ಒಮ್ಮೆಯೂ ತಪ್ಪು ಹೇಳಿರಲಿಲ್ಲ. ಆ ಇಪ್ಪತ್ತು ಗಂಟೆಯಲ್ಲಿ ಯಾವ ಔಷಧವೂ ಕೆಲಸಕ್ಕೆ ಬರುತ್ತಿರಲಿಲ್ಲ. ಹತ್ತಿರದವರು ಹತ್ತಿರ ಕೂರಬಹುದಿತ್ತು, ಅಷ್ಟೇ.

ಬಿಲ್ಲೆಯನ್ನು ಕಂಡುಹಿಡಿದವರ ಉದ್ದೇಶವೂ ಅಷ್ಟೇ ಆಗಿತ್ತು. ಮೊದಮೊದಲು ಕೇಂದ್ರ ತಾನಾಗಿ ಯಾರಿಗೂ ಏನೂ ಹೇಳುತ್ತಿರಲಿಲ್ಲ. ವಾರ್ಡಿನ ವೈದ್ಯರು ಗಂಟೆಗೊಮ್ಮೆ ಕೇಂದ್ರದ ಆಪ್ ತೆರೆದು ‘ನಮ್ಮ ಕಡೆ ಯಾರಾದರೂ ಇದ್ದಾರೆಯೇ’ ಎಂದು ನೋಡಬೇಕಿತ್ತು. ಇದ್ದರೆ ತಾವೇ ಆ ಮನೆಗೆ ಹೋಗಿ, ಕೂತು, ನಿಧಾನವಾಗಿ ಹೇಳಿ ಬರುತ್ತಿದ್ದರು. ಆಮೇಲೆ ಚಂದ್ರಮೌಳಿ ಎಂಬ ಹೊಸ ನಿರ್ದೇಶಕರು ಬಂದರು.

“ಅವರ್ಯಾಕೆ ಪದೇಪದೇ ಬಂದು ಕೇಳ್ಬೇಕು ಮಂದಾಕಿನಿ?” ಎಂದರು ಅವರು. “ಒಂದು ವಿಳಾಸ ಬರೆಸಿಬಿಡ್ಲಿ. ಬಿಲ್ಲೆ ಕೂಗಿದ ತಕ್ಷಣ ನಾವೇ ಅಲ್ಲಿಗೆ ತಲುಪಿಸೋಣ. ವೆಬ್‌ಹುಕ್ ಅಂತಾರಲ್ಲ, ಅದನ್ನ ಹಾಕಿಬಿಡಿ.”

ಒಂದು ಮಧ್ಯಾಹ್ನದ ಕೆಲಸ. ಬೇಕಾದ ಕೋಡ್ ಲೈಬ್ರರಿ, ಅಂದರೆ ಯಾರೋ ಮೊದಲೇ ಬರೆದಿಟ್ಟ ಕೋಡಿನ ಕಟ್ಟು, ಸಿದ್ಧವಾಗಿಯೇ ಸಿಗುತ್ತಿತ್ತು. ಅದನ್ನು ತಂದು ಆಪ್‌ನೊಳಗೆ ಕೂರಿಸಿ ಮಂದಾಕಿನಿ ಮೂರೇ ಮೂರು ಸಾಲು ಬರೆದಳು: ಏನಾದಾಗ ಹೇಳಬೇಕು, ಯಾರಿಗೆ ಹೇಳಬೇಕು, ಸುದ್ದಿ ನಮ್ಮದೇ ಎನ್ನಲು ಯಾವ ಮೊಹರು ಒತ್ತಬೇಕು. ಉಳಿದದ್ದೆಲ್ಲ ಲೈಬ್ರರಿಯ ಪಾಡು. ಸುದ್ದಿ ಹೋದ ಕಡೆಯ ಯಂತ್ರ ‘ತಲುಪಿತು’ ಎಂದು ಉತ್ತರ ಕೊಡಬೇಕು. ಕೊಡದಿದ್ದರೆ ಐದು ಸೆಕೆಂಡು ಬಿಟ್ಟು ಮತ್ತೆ ಕದ ತಟ್ಟುತ್ತದೆ, ಐದು ನಿಮಿಷ ಬಿಟ್ಟು ಮತ್ತೆ, ಅರ್ಧ ಗಂಟೆ ಬಿಟ್ಟು ಮತ್ತೆ. ಬೇತಾಳದ ಹಾಗೆ, ಉತ್ತರ ಸಿಗುವ ತನಕ ಬೆನ್ನು ಬಿಡುವುದಿಲ್ಲ. ‘ಒಂದೇ ಸುದ್ದಿ ಎರಡು ಸಲ ತಲುಪಬಹುದು, ಎಚ್ಚರವಿರಲಿ’ ಎಂದು ಕೈಪಿಡಿಯಲ್ಲಿ ಬರೆದಿತ್ತು. ಅವಳು ಓದಿ, ತಲೆಯಾಡಿಸಿ, ಕಾಫಿಗೆ ಎದ್ದು ಹೋಗಿದ್ದಳು. ಆಗ ಒಂದೊಂದು ಬಿಲ್ಲೆಗೂ ಇದ್ದದ್ದು ಎರಡೇ ವಿಳಾಸ, ವೈದ್ಯರದು ಮತ್ತು ಮನೆಯವರದು.

ಚಂದ್ರಮೌಳಿ ಅದನ್ನು ಎಲ್ಲರಿಗೂ ತೆರೆದರು. ಒಂದು ತಿಂಗಳೊಳಗೆ ಸರಸ್ವತಿಪುರಂನ ಒಂದು ಮನೆಯ ಮುಂದೆ ಶಾಮಿಯಾನದವನು ಬಂದು ಗಳ ಇಳಿಸಿದ. ಯಾರ ಸಲುವಾಗಿ ಇಳಿಸುತ್ತಿದ್ದನೋ ಆಕೆಯೇ ಕಾಫಿ ಲೋಟ ಹಿಡಿದುಕೊಂಡು ಹೊರಗೆ ಬಂದು, “ಯಾರ ಮನೇಲಪ್ಪಾ ಸಮಾರಂಭ?” ಎಂದು ಕೇಳಿದರಂತೆ. ಅವನು ಮುಖ ತಗ್ಗಿಸಿ ಗಳ ಎಣಿಸುತ್ತಾ ನಿಂತನಂತೆ.

ಮಂದಾಕಿನಿ ಇದನ್ನು ನಿರ್ದೇಶಕರಿಗೆ ಹೇಳಿದಳು. ಅವರು ಬಿಸ್ಕತ್ತನ್ನು ಟೀಯಲ್ಲಿ ಅದ್ದಿಕೊಂಡೇ ಕೇಳಿದರು.

“ಅದು ಅವನ ಸಂಸ್ಕಾರದ ಪ್ರಶ್ನೆ ಅಲ್ವೇನ್ರೀ? ನಾವು ಬರೀ ತಲುಪಿಸೋರು.”

ಉರಿಯೋ ಮನೆಯಲ್ಲಿ ಗಳ ಹಿರಿಯುವವರನ್ನು ಅವಳು ಕಂಡಿದ್ದಳು. ಇವರು ಬೆಂಕಿ ಬೀಳುವ ಮುಂಚೆಯೇ ಬಂದು ಗಳಕ್ಕೆ ಕೈ ಹಾಕುವವರು. ಕರುಳಿನ ಹುಳುಗಳಿಗೂ ಈ ಪಟ್ಟಿಯವರಿಗೂ ಏನು ವ್ಯತ್ಯಾಸ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಹುಳುಗಳಾದರೂ ಬಾಗಿಲಲ್ಲಿ ಹಾರ್ನ್ ಹೊಡೆಯುವುದಿಲ್ಲ.

ಅದಕ್ಕಿಂತ ಹೊಲಸಾದದ್ದು ಆಮೇಲೆ ಬಂತು. ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೇ ಸೂತಕ ಎಂದು ನಮ್ಮಲ್ಲಿ ಹಳೆಯ ಮಾತೊಂದಿದೆ. ಮದುವೆ ಮಾಡುವ ಮನೆಯವರು ಅದನ್ನೇ ಹಿಡಿದುಕೊಂಡರು. ಮನೆಯ ಯಂತ್ರ ‘ತಲುಪಿತು’ ಅನ್ನದಿದ್ದರೆ ಸುದ್ದಿ ಬಂದಂತೆಯೇ ಅಲ್ಲ ಎಂದು ಯಾರೋ ಜಾಣರು ಹಬ್ಬಿಸಿದರು. ಮದುವೆಗೆ ಒಂದು ವಾರವಿದೆ ಎನ್ನುವಾಗಲೇ ಜನ ಮನೆಯ ಯಂತ್ರದ ತಂತಿ ಕಿತ್ತಿಡತೊಡಗಿದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಆದರೆ ಸಾಯಬೇಕಾದವರು ಮನೆಯಲ್ಲೇ, ಕಣ್ಣೆದುರಿಗೇ ಇದ್ದರೆ ಏನು ಮಾಡುವುದು? ಅದಕ್ಕೂ ದಾರಿಯಾಯಿತು. ನೆಮ್ಮದಿಧಾಮ ಎಂಬ ಸಂಸ್ಥೆಯೊಂದು ‘ಶುಭಕಾರ್ಯ ರಕ್ಷಣೆ’ ಎಂಬ ಯೋಜನೆ ತೆರೆಯಿತು. ಮೊದಲೇ ಹೆಸರು ಬರೆಸಿದ್ದರೆ ಸಾಕು. ಬಿಲ್ಲೆ ಕೂಗಿದ ತಕ್ಷಣ ಅವರ ವ್ಯಾನ್ ಬಂದು, ಮನೆಯವರಿಗೆ ಒಂದು ಮಾತೂ ಹೇಳದೆ, ಹಿರಿಯರನ್ನು ಕರೆದುಕೊಂಡು ಹೋಗುತ್ತಿತ್ತು. ಮದುವೆಯ ಬೀಗರ ಔತಣವೆಲ್ಲ ಮುಗಿದ ಮೇಲೆ ದೇಹ ಬರುತ್ತಿತ್ತು. ಆ ವಿಳಾಸ ಪಟ್ಟಿಗೆ ಸೇರಿದ ದಿನ ಮಂದಾಕಿನಿ ರಾಜೀನಾಮೆ ಬರೆದಳು. ಬರೆದು ಡ್ರಾಯರ್‌ನಲ್ಲಿ ಇಟ್ಟಳು. ಇವತ್ತಿಗೂ ಅದು ಅಲ್ಲೇ ಇತ್ತು, ಅದೂ ಅವಳಿಗೆ ಹೇಸಿಗೆಯೇ.

ಅವಳ ಮನೆಯಲ್ಲೂ ಮದುವೆಯಿತ್ತು. ಗಂಡನ ಅಣ್ಣ ನಾಗೇಂದ್ರನ ಮಗಳು ಪ್ರಣತಿಗೆ ಗುರುವಾರ ಹತ್ತು ಗಂಟೆಗೆ ಧಾರೆ. ಎಲ್ಲರೂ ಇದ್ದದ್ದು ಒಂದೇ ಮನೆಯಲ್ಲಿ. ಮಂಗಳವಾರ ಸಂಜೆ ಮಂದಾಕಿನಿ ಕೆಲಸದಿಂದ ಬಂದಾಗ ಚಿಕ್ಕಮಾವ ಶ್ರೀಕಂಠಯ್ಯ ಜಗುಲಿಯ ಮೇಲೆ ಕಾಲು ನೀಡಿಕೊಂಡು ತಾಂಬೂಲದ ಚೀಲಗಳಿಗೆ ತೆಂಗಿನಕಾಯಿ ತುಂಬುತ್ತಿದ್ದರು. ಮಾವನ ತಮ್ಮ, ಎಂಬತ್ತಮೂರು ವರ್ಷ, ಮದುವೆಯಾಗದ ಜೀವ. ಅಂಚೆ ತಂತಿ ಇದ್ದ ಕಾಲದಲ್ಲಿ ಮೂವತ್ತು ವರ್ಷ ಸೈಕಲ್ಲಿನಲ್ಲಿ ಟೆಲಿಗ್ರಾಂ ಹಂಚಿದವರು. ನಾಗೇಂದ್ರ ಚಿಕ್ಕವನಾಗಿದ್ದಾಗ ಅದೇ ಸೈಕಲ್ಲಿನ ಬಾರಿನ ಮೇಲೆ ಕೂರಿಸಿಕೊಂಡು ದಿನಾ ಶಾಲೆಗೆ ಬಿಟ್ಟು ಬರುತ್ತಿದ್ದವರು.

“ಯಾಕಮ್ಮ, ಮುಖ ಹಾಗಲಕಾಯಿ ತಿಂದೋರ ಹಾಗಿದೆ?” ಎಂದರು.

ಅವಳು ಪಕ್ಕದಲ್ಲಿ ಕೂತು, ಶಾಮಿಯಾನದವನಿಂದ ಹಿಡಿದು ಎಲ್ಲವನ್ನೂ ಕಕ್ಕಿದಳು. ಅವರು ಕಾಯಿಯ ಜುಟ್ಟು ನೇವರಿಸುತ್ತಾ ಕೇಳಿಸಿಕೊಂಡರು.

“ಅಷ್ಟು ಬೇಗ ತಲುಪಿಸಿ ಏನು ಮಾಡ್ತೀರಿ? ನಂದೂ ಅದೇ ಕೆಲಸ ಅಲ್ವಾ. ಸಾವಿನ ತಂತಿ ಇದ್ರೆ ಬಾಗಿಲಲ್ಲಿ ಸೈಕಲ್ ನಿಲ್ಸಿ, ಮೊದ್ಲು ‘ಊಟ ಆಯ್ತಾ?’ ಅಂತ ಕೇಳ್ತಿದ್ದೆ. ಆಗಿಲ್ಲ ಅಂದ್ರೆ, ‘ಮುಗಿಸ್ಕೊಳಿ, ಇಲ್ಲೇ ಕೂತಿರ್ತೀನಿ’ ಅಂತಿದ್ದೆ. ತಂತಿ ಕೈಗೆ ಕೊಟ್ಟ ಮೇಲೆ ಆ ಮನೇಲಿ ಒಲೆ ಹಚ್ತಾರಾ? ಹಸಿದ ಹೊಟ್ಟೇಲಿ ನೆಟ್ಟಗೆ ಅಳೋಕೂ ಆಗಲ್ಲ ಕಣಮ್ಮ.”

“ಮೇಲಿನೋರು ಬೈತಿರ್ಲಿಲ್ವಾ?”

“ಎರಡು ಸಲ ಮೆಮೊ ಕೊಟ್ರು. ಇಟ್ಕೊಂಡೆ.” ಅವರು ನಕ್ಕರು. “ಕೊನೆಕೊನೆಗೆ ಬೀದಿಯವರಿಗೆಲ್ಲ ಗೊತ್ತಾಗೋಯ್ತು. ನಾನು ‘ಊಟ ಆಯ್ತಾ’ ಅಂದ್ರೆ ಸಾಕು, ಕೆಲವರು ನಿಂತಲ್ಲೇ ಕೂತ್ಬಿಡೋರು. ಆದ್ರೂ ಉಣ್ಣೋರು. ಉಂಡು, ಕೈ ತೊಳ್ಕೊಂಡು ಬಂದು ಸಹಿ ಹಾಕೋರು.”

“ಮದುವೆ ಮನೆಗೆ ಬಂದ್ರೆ?”

“ಅದರ ಬಗೆ ಬೇರೆ. ಪುರೋಹಿತರನ್ನ ಪಕ್ಕಕ್ಕೆ ಕರೆದು ಒಂದೇ ಒಂದು ಮಾತು ಕೇಳ್ತಿದ್ದೆ…”

ಅಷ್ಟರಲ್ಲಿ ಒಳಗಿನಿಂದ ನಾಗೇಂದ್ರ ಕೂಗಿದ. ಚೀಲಗಳು ಸಾಲುವುದಿಲ್ಲವಂತೆ. ಚಿಕ್ಕಮಾವ ಏಳುವ ಮುಂಚೆ ಅವಳ ಕಡೆ ಬಾಗಿ ಪಿಸುಗುಟ್ಟಿದರು. “ನಾಳೆ ವರಪೂಜೆಗೆ ಚಿರೋಟಿ ಮಾಡಿಸ್ತಿದ್ದಾರೆ. ಎರಡು ತಿಂತೀನಿ. ಸಕ್ಕರೆ ಡಾಕ್ಟ್ರ ಕಿವಿಗೆ ಹಾಕ್ಬೇಡ.”

ಬುಧವಾರ ಬೆಳಗ್ಗೆ ಪುರೋಹಿತರು ಮದುವೆಗೆ ಮುಂಚಿನ ನಾಂದಿಯ ಪೂಜೆಯನ್ನು ಮನೆಯಲ್ಲೇ ಮುಗಿಸಿದರು. ನಾಗೇಂದ್ರ ದಂಪತಿ ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಾ ಎದ್ದರು. ಅರ್ಧ ದಿನ ಮಾತ್ರ ರಜೆ ಸಿಕ್ಕಿದ್ದ ಮಂದಾಕಿನಿ ರೇಷ್ಮೆ ಸೀರೆಯಲ್ಲೇ ಕೇಂದ್ರಕ್ಕೆ ಹೋದಳು.

ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ಪರದೆಯ ಮೇಲೊಂದು ಹೊಸ ಸಾಲು ಮೂಡಿತು. ಶ್ರೀಕಂಠಯ್ಯ, ವಯಸ್ಸು ಎಂಬತ್ತಮೂರು. ಅದರ ಮುಂದೆ ಅವಳದೇ ಮನೆಯ ವಿಳಾಸ.

ಅವಳು ಆ ಸಾಲನ್ನು ಎರಡನೆಯ ಸಲ ಓದುವಷ್ಟರಲ್ಲಿ ಲೈಬ್ರರಿ ತನ್ನ ಕೆಲಸ ಮುಗಿಸಿತ್ತು. ಹಾರದವನಿಗೆ ತಲುಪಿತು. ಶವವಾಹನದವನಿಗೆ ತಲುಪಿತು. ಪಶ್ಚಿಮವಾಹಿನಿಯ ಟ್ಯಾಕ್ಸಿಗೆ ತಲುಪಿತು. ಎರಡೇ ಸೆಕೆಂಡಿನಲ್ಲಿ ಇಪ್ಪತ್ತಮೂರು ಕಡೆಯಿಂದ ‘ತಲುಪಿತು’ ಬಂತು. ನೆಮ್ಮದಿಧಾಮದ ಯಂತ್ರ ಮಾತ್ರ ಉತ್ತರ ಕೊಡಲು ತಡಮಾಡಿತು, ಐದು ಸೆಕೆಂಡು ಬಿಟ್ಟು ಅಲ್ಲಿಗೆ ಇನ್ನೊಮ್ಮೆ ಸುದ್ದಿ ಹೋಯಿತು, ಆಮೇಲೆ ಎರಡಕ್ಕೂ ‘ತಲುಪಿತು’. ಕೊನೆಗೆ ಉಳಿದದ್ದು ಒಂದೇ ಒಂದು ಕೆಂಪು ಸಾಲು. ಮನೆಯವರ ವಿಳಾಸ: ತಲುಪಲಿಲ್ಲ.

ನೆಮ್ಮದಿಧಾಮಕ್ಕೆ ಚಿಕ್ಕಮಾವನ ಹೆಸರು ಬರೆಸಿದ್ದು ಯಾರು? ಮನೆಯ ಯಂತ್ರದ ತಂತಿ ಕಿತ್ತದ್ದು ಯಾರು? ಉತ್ತರ ಹುಡುಕಬೇಕಾಗಿರಲಿಲ್ಲ. ಮಂದಾಕಿನಿ ಎದ್ದು ಹೋಗಿ ವಾಶ್ ಬೇಸಿನ್‌ನಲ್ಲಿ ಎರಡೆರಡು ಸಲ ಕೈ ತೊಳೆದುಕೊಂಡಳು. ಊರ ಜನರ ಮೇಲೆ ಇಷ್ಟು ದಿನ ಪಟ್ಟ ಅಸಹ್ಯವೆಲ್ಲ ಈಗ ಮನೆಯ ಹೊಸಿಲು ದಾಟಿ, ತನ್ನದೇ ಎಲೆಯ ಪಕ್ಕದಲ್ಲಿ ಎಲೆ ಹಾಕಿಕೊಂಡು ಕೂತಿತ್ತು.

ವಾಪಸು ಬಂದು ಅವಳು ಆ ಮೂರು ಸಾಲುಗಳನ್ನು ಅಳಿಸಿಹಾಕಿದಳು. ಡ್ರಾಯರ್‌ನಲ್ಲಿದ್ದ ರಾಜೀನಾಮೆಯನ್ನು ಚಂದ್ರಮೌಳಿಯ ಮೇಜಿನ ಮೇಲೆ, ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲಿಟ್ಟಳು.

“ಸಂಜೆಯೊಳಗೆ ಬೇರೆಯವರ ಕೈಲಿ ಹಾಕಿಸ್ತೀನಿ ರೀ,” ಎಂದರು ಅವರು, ಕೋಪವೇನೂ ಇಲ್ಲದೆ. “ಮೂರು ಸಾಲು ತಾನೆ.”

ಹೌದು, ಮೂರೇ ಸಾಲು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ದಳು ಅವಳು. ಆಟೋ ಹಿಡಿದು ಮನೆಗೆ ಹೊರಟಳು.

ಮನೆಯ ಮುಂದಿನ ಚಪ್ಪರದ ಕೆಳಗೆ ಬಿಳಿ ವ್ಯಾನ್ ನಿಂತಿತ್ತು. ಅದರ ಹಿಂದೆ ಅಂಥದ್ದೇ ಇನ್ನೊಂದು. ಒಂದೇ ಸುದ್ದಿ ಎರಡು ಸಲ ಹೋದದ್ದಕ್ಕೆ ನೆಮ್ಮದಿಧಾಮ ಎರಡು ವ್ಯಾನ್ ಕಳಿಸಿತ್ತು. ಡ್ರೈವರುಗಳಿಬ್ಬರೂ ಮುತ್ತೈದೆಯರು ಬರೆದ ರಂಗೋಲಿಯ ಮೇಲೆ ನಿಂತು, ಮುದುಕರು ಯಾರ ಪಾಲಿಗೆ ಸೇರಿದವರು ಎಂದು ಜಗಳವಾಡುತ್ತಿದ್ದರು. ಮಾವಿನ ತೋರಣದ ಪಕ್ಕದಲ್ಲಿ ಹಾರದವನು ಮೊಬೈಲ್ ನೋಡುತ್ತಾ ಕಾಯುತ್ತಿದ್ದ. ಜಗುಲಿಯ ಮೇಲೆ ಚಿಕ್ಕಮಾವ ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿ, ಕೊಡೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಛತ್ರಕ್ಕೆ ಬೇಗ ಕಳಿಸುತ್ತೇವೆಂದು ಅವರಿಗೆ ಹೇಳಿದ್ದರಂತೆ. ಅವರ ಬಟ್ಟೆಯ ಚೀಲ ಆಗಲೇ ಮೊದಲ ವ್ಯಾನಿನೊಳಗಿತ್ತು.

ನಾಗೇಂದ್ರ ಗೇಟಿನಲ್ಲೇ ಅಡ್ಡ ಬಂದ.

“ಮಂದಾಕಿನಿ, ಏನೂ ಹೇಳ್ಬೇಡ. ಒಂದಕ್ಷರ ಹೇಳ್ಬೇಡ ನಂಗೆ. ನಂಗೇನೂ ಗೊತ್ತಿಲ್ಲ.” ಹಾಗೆನ್ನುತ್ತಾ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡ. ಮಣಿಕಟ್ಟಿನಲ್ಲಿ ಬೆಳಗ್ಗೆ ಕಟ್ಟಿದ್ದ ಅರಿಶಿನದ ಕಂಕಣ ಇನ್ನೂ ಒದ್ದೆಯಾಗಿತ್ತು.

“ಗೊತ್ತಿಲ್ದೇನೇ ವ್ಯಾನ್ ಬಂತಾ ಭಾವ?”

ಕಿವಿ ಮುಚ್ಚಿದ್ದರೂ ಅವನಿಗೆ ಕೇಳಿಸಿತು. “ಯಾವುದಕ್ಕೂ ಇರ್ಲಿ ಅಂತ ಬರೆಸಿದ್ದೆ ಅಷ್ಟೇ. ನಾಲ್ಕು ವರ್ಷ ಅಲೆದು ಕೂಡಿಬಂದ ಸಂಬಂಧ ಇದು. ಸೂತಕ ಬಂದ್ರೆ ಮುಂದಕ್ಕೆ ಹೋಗುತ್ತೆ, ಮುಂದಕ್ಕೆ ಹೋದದ್ದು ಮುರಿದುಹೋಗುತ್ತೆ. ನನ್ನ ಮಗಳ ಬಾಳು ಕಣಮ್ಮ! ಅಲ್ಲಿ ಅವರನ್ನ ಚೆನ್ನಾಗೇ ನೋಡ್ಕೋತಾರೆ. ಎ.ಸಿ. ಇದೆ.”

“ಥೂ!” ಎಂದಳು ಮಂದಾಕಿನಿ. ಭಾವನೆದುರು ಒಂದು ದಿನವೂ ದನಿ ಎತ್ತರಿಸದವಳು ಬೀದಿಯ ಆಚೆ ಮನೆಗೂ ಕೇಳುವಂತೆ ಅಂದಳು. ಡ್ರೈವರುಗಳ ಜಗಳ ನಿಂತಿತು. ಅವಳು ವ್ಯಾನಿನೊಳಗೆ ಬಾಗಿ, ಚಿಕ್ಕಮಾವನ ಚೀಲವನ್ನು ಎಳೆದು ತೆಗೆದು, ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದಳು.

ಹತ್ತುವಾಗ ಅವಳಿಗೆ ಹೊಳೆಯಿತು. ಇಪ್ಪತ್ತನಾಲ್ಕು ಯಂತ್ರಗಳಿಗೆ ಗೊತ್ತು. ಇಬ್ಬರು ಡ್ರೈವರುಗಳಿಗೆ ಗೊತ್ತು, ಹಾರದವನಿಗೆ ಗೊತ್ತು, ಗೊತ್ತಿಲ್ಲ ಎನ್ನುವ ನಾಗೇಂದ್ರನಿಗೂ ಗೊತ್ತು. ಯಾರ ಸಾವೋ ಅವರೊಬ್ಬರಿಗೆ ಬಿಟ್ಟು ಮಿಕ್ಕ ಎಲ್ಲರಿಗೂ ಸುದ್ದಿ ತಲುಪಿತ್ತು. ಲೈಬ್ರರಿಯಲ್ಲಿ ಆ ವಿಳಾಸ ಹಾಕಬೇಕೆಂದು ಅವಳಿಗೂ ಒಮ್ಮೆಯೂ ತೋಚಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ.

ಅವಳು ನೇರ ಒಳಗೆ ಹೋದಳು. ಅಡುಗೆಯವರು ಚಿರೋಟಿಯ ಬುಟ್ಟಿಗಳನ್ನು ಛತ್ರಕ್ಕೆ ಸಾಗಿಸಲು ಕಟ್ಟುತ್ತಿದ್ದರು. ಮದರಂಗಿ ಹಚ್ಚಿದ ಕೈಗಳನ್ನು ಗಾಳಿಗೆ ಹಿಡಿದು ಕೂತಿದ್ದ ಪ್ರಣತಿ ಅವಳ ಮುಖ ನೋಡಿದಳು, ಹೆಗಲ ಮೇಲಿನ ಚೀಲ ನೋಡಿದಳು.

“ಚಿಕ್ಕಮ್ಮ, ಚಿಕ್ಕತಾತಂಗಾ?”

ಮಂದಾಕಿನಿ ಒಂದು ಬುಟ್ಟಿಯ ಕಟ್ಟು ಬಿಚ್ಚತೊಡಗಿದಳು. ಪ್ರಣತಿ ಎದ್ದು, ಒಂದು ಬಾಳೆಲೆ ಎಳೆದು, ಮದರಂಗಿ ಕೆಟ್ಟರೆ ಕೆಡಲಿ ಎಂದು ತಾನೇ ಬುಟ್ಟಿಯಿಂದ ಎರಡು ಚಿರೋಟಿ ತೆಗೆದು ಬಡಿಸಿದಳು, ಮೇಲೆ ಸಕ್ಕರೆ ಉದುರಿಸಿದಳು. ಬಾದಾಮಿ ಹಾಲಿನ ಬಟ್ಟಲನ್ನೂ ಕೈಗೆ ಕೊಟ್ಟಳು.

ಜಗುಲಿಯ ಮೇಲೆ ಎಲೆ ಇಟ್ಟು ಮಂದಾಕಿನಿ ಎದುರಿಗೆ ಕೂತಳು. ಇಪ್ಪತ್ತನಾಲ್ಕು ಕಡೆಗೆ ಕಣ್ಣು ಮಿಟುಕಿಸುವುದರಲ್ಲಿ ಹೋಗಿದ್ದ ಸುದ್ದಿ ಅವಳ ನಾಲಿಗೆಯಿಂದ ಮುಂದಕ್ಕೆ ಹೋಗಲೊಲ್ಲದು. ಕೊನೆಗೆ ಬಾಯಿಗೆ ಬಂದದ್ದನ್ನು ಕೇಳಿದಳು.

“ಚಿಕ್ಕಮಾವ, ಊಟ ಆಯ್ತಾ?”

ವ್ಯಾನುಗಳ ಕಡೆ ನೋಡುತ್ತಿದ್ದ ಶ್ರೀಕಂಠಯ್ಯ ತಟ್ಟನೆ ತಿರುಗಿದರು. ಅವಳ ಮುಖವನ್ನು, ಬಳಿಕ ಎಲೆಯನ್ನು, ಬಳಿಕ ಅಂಗಳದಲ್ಲಿ ಕಿವಿ ಮುಚ್ಚಿಕೊಂಡು ನಿಂತಿದ್ದ ನಾಗೇಂದ್ರನನ್ನು ನೋಡಿದರು. ತೊಡೆಯ ಮೇಲಿದ್ದ ಕೊಡೆಯನ್ನು ತೆಗೆದು ಗೋಡೆಗೆ ಒರಗಿಸಿದರು.

“ಇಲ್ಲ ಕಣಮ್ಮ, ಇನ್ನೂ ಆಗಿಲ್ಲ,” ಎಂದರು. “ಮುಗಿಸ್ಕೋತೀನಿ. ನೀನು ಇಲ್ಲೇ ಕೂತಿರು.”

ಅವರು ಚಿರೋಟಿಯನ್ನು ಪುಡಿ ಮಾಡಿ, ಹಾಲು ಸುರಿದು, ನೆನೆಯುವ ತನಕ ಕಾದು ತಿಂದರು. ಅವಸರವೇ ಇರಲಿಲ್ಲ. ಒಬ್ಬ ಡ್ರೈವರ್ ಹಾರ್ನ್ ಹೊಡೆದ. ಎರಡನೆಯ ಚಿರೋಟಿ ಅರ್ಧ ಮುಗಿದಾಗ ಅವರು ಅಂಗಳಕ್ಕೆ ಕೇಳುವಂತೆ ಕೂಗಿದರು.

“ನಾಗೇಂದ್ರ, ಕೈ ಇಳಿಸೋ. ಬೆಳಗ್ಗೆ ನಾಂದಿ ಆಯ್ತಲ್ಲ? ನಾಂದಿ ಆದ ಮೇಲೆ ಮದುವೆ ಮುಗಿಯೋವರ್ಗೂ ಮನೇಲಿ ಯಾರು ಹೋದ್ರೂ ಸೂತಕ ತಟ್ಟಲ್ಲ. ಮದುವೆ ಮನೆಗೆ ತಂತಿ ತಗೊಂಡು ಹೋದಾಗ ಪುರೋಹಿತರನ್ನ ನಾನು ಕೇಳ್ತಿದ್ದದ್ದು ಅದೊಂದೇ ಮಾತು, ನಾಂದಿ ಆಗಿದ್ಯಾ ಅಂತ. ಬೆಳಗ್ಗೆ ಪುರೋಹಿತರು ನಿನ್ನ ಎದುರಿಗೇ ಕೂತಿದ್ರಲ್ಲೋ. ನೀನೂ ಕೇಳ್ಬಾರ್ದಿತ್ತಾ?”

ನಾಗೇಂದ್ರನ ಕೈಗಳು ನಿಧಾನವಾಗಿ ಕೆಳಗಿಳಿದವು. ಯಂತ್ರದ ತಂತಿ ಕಿತ್ತ ಊರವರನ್ನೆಲ್ಲ ಕೇಳಿದ್ದ, ನೆಮ್ಮದಿಧಾಮದವರನ್ನು ಕೇಳಿದ್ದ, ಹಲಗೆಯ ಮೇಲೆ ದರ್ಭೆ ಹಿಡಿದು ಕೂತಿದ್ದವರನ್ನು ಮಾತ್ರ ಕೇಳಿರಲಿಲ್ಲ. ಅವನು ಮೆಟ್ಟಿಲ ಬಳಿ ಬಂದು ಚಿಕ್ಕಪ್ಪನ ಕಾಲ ಹತ್ತಿರ ಕುಸಿದು ಅಳತೊಡಗಿದ. ಮಂದಾಕಿನಿಗೆ ಕನಿಕರ ಬರಬೇಕಿತ್ತು. ಬರಲಿಲ್ಲ. ಆ ಕಣ್ಣೀರನ್ನು ನೋಡಿದರೂ ಅವಳಿಗೆ ಅಸಹ್ಯವೇ ಆಯಿತು, ಮತ್ತು ಅದನ್ನು ಅವಳು ಮುಚ್ಚಿಡಲಿಲ್ಲ.

“ಅಳೋದು ಆಮೇಲೆ. ಊಟ ಮಾಡಿದ್ಯಾ ಮೊದ್ಲು?” ಎಂದು ಅವನ ತಲೆಯ ಮೇಲೆ ಎಡಗೈ ಇಟ್ಟರು ಶ್ರೀಕಂಠಯ್ಯ. “ಆ ವ್ಯಾನಿನೋರಿಗೂ ಒಂದೊಂದು ಚಿರೋಟಿ ಕೊಟ್ಟು ಕಳ್ಸು. ಹಾರದೋನಿಗೆ ಹೇಳು, ವರನಿಗೆ ಒಂದು ದೊಡ್ಡದು ಬೇಕು ಅಂತ. ಬಂದಿದ್ದಾನಲ್ಲ, ಬರಿಗೈಲಿ ಹೋಗೋದು ಬೇಡ.”

ಬೆರಳು ನೆಕ್ಕಿ, ಎದ್ದು ಹೋಗಿ ಕೈ ತೊಳೆದು, ಹೆಗಲ ಮೇಲಿನ ವಲ್ಲಿಯಲ್ಲಿ ಒರೆಸಿಕೊಂಡು ಬಂದು ಅವರು ಮಂದಾಕಿನಿಯ ಎದುರಿಗೆ ನೆಟ್ಟಗೆ ಕೂತರು.

“ಈಗ ಕೊಡಮ್ಮ. ಎಷ್ಟು ಹೊತ್ತಿನ ತನಕ?”

“ನಾಳೆ ಏಳು ಮುಕ್ಕಾಲು, ಎಂಟು ಗಂಟೆ ಚಿಕ್ಕಮಾವ.”

“ಹಾಗಾದ್ರೆ ಧಾರೆ ಸಿಗಲ್ಲ,” ಎಂದರು. ಸ್ವಲ್ಪ ಹೊತ್ತು ತೋರಣದ ಎಲೆಗಳನ್ನು ನೋಡಿದರು. “ವರಪೂಜೆ ಸಿಗುತ್ತೆ. ಪರವಾಗಿಲ್ಲ.”

ಆಮೇಲೆ ಷರಟಿನ ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿದರು.

“ಎಲ್ಲಿ ಸಹಿ ಹಾಕ್ಬೇಕು, ತೋರ್ಸು.”

ಅವಳ ಬಳಿ ಕಾಗದವಿರಲಿಲ್ಲ. ಬಲಗೈ ಚಾಚಿ ಅಂಗೈ ತೆರೆದಳು. ಶ್ರೀಕಂಠಯ್ಯ ಅದನ್ನು ತಮ್ಮ ಮಂಡಿಯ ಮೇಲೆ ಆನಿಸಿಕೊಂಡು, ದುಂಡು ಅಕ್ಷರಗಳಲ್ಲಿ ಹೆಸರು ಬರೆದರು. ಸಹಿಯ ಕೆಳಗೆ ಹೊತ್ತನ್ನೂ ಬರೆಯಬೇಕು, ಅದು ನಿಯಮ ಎಂದು ಗೋಡೆಯ ಗಡಿಯಾರ ನೋಡಿ, ಹನ್ನೆರಡು ಐವತ್ತು ಎಂದು ಬರೆದರು.

ಆ ಸಂಜೆ ವರಪೂಜೆಯ ಊಟಕ್ಕೆ ಅವರ ಪಕ್ಕದ ಎಲೆಗೆ ಕೂತ ಮಂದಾಕಿನಿ, ಪಂಕ್ತಿಯವರೆಲ್ಲ ವಿಚಿತ್ರವಾಗಿ ನೋಡುತ್ತಿದ್ದರೂ, ಅಂಗೈ ಒದ್ದೆಯಾಗದ ಹಾಗೆ ಚಮಚದಲ್ಲಿ ಉಂಡಳು.